ಬಿರುಕಿನ ತುದಿಯಲ್ಲಿ ಏನಿದೆ?



ಹಿಂದೂಪುರದ ಕಡೆ ಕಲ್ಲು ಸೀಳುವವರನ್ನು ನೀವು ನೋಡಿರುತ್ತೀರಿ. ಬಂಡೆಯ ಮೇಲೆ ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಒಂದೊಂದನ್ನೇ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಬಂಡೆ ಗೆರೆ ಎಳೆದ ಹಾಗೆ ಎರಡು ಹೋಳಾಗುತ್ತದೆ. ಅಲ್ಲಿ ಬಿರುಕು ನಮಗೆ ಬೇಕಾದದ್ದು. ಅದೇ ಬಿರುಕು ಕಲ್ಯಾಣದುರ್ಗದ ದಾರಿಯಲ್ಲಿ ಕಡಲೆಕಾಯಿ ಮೂಟೆಗಳ ಮೇಲೆ ಜನರನ್ನೂ ಕೂರಿಸಿಕೊಂಡು ಬರುವ ಟ್ರಾಕ್ಟರಿನ ಅಚ್ಚಿನಲ್ಲಿ ಬಂದರೆ? ಕನ್ನಡದಲ್ಲಿ ಬಿರುಕು ಎನ್ನಿ, ತೆಲುಗಿನಲ್ಲಿ ಪಗುಲು ಎನ್ನಿ, ಅದರ ಗುಣ ಒಂದೇ.

ಆ ಗುಣ ಯಾವುದು? ಹೊರೆ ಬಿದ್ದಾಗ ಒತ್ತಡವು ಬಿರುಕಿನ ಚೂಪಾದ ತುದಿಯಲ್ಲಿ ಬಂದು ಸೇರುತ್ತದೆ. ಉಳಿದ ಕಬ್ಬಿಣ ಗಟ್ಟಿಯಾಗಿದ್ದರೂ ಆ ತುದಿ ಕೂದಲೆಳೆಯಷ್ಟು ಮುಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1920ರ ಸುಮಾರಿಗೆ ಗಾಜಿನ ಮೇಲೆ ಪ್ರಯೋಗ ಮಾಡಿ ಇದರ ಲೆಕ್ಕ ಹಾಕಿದರು. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದವು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡ ಏರಿ ಇಳಿದು, ಲೋಹ ದಣಿದು, ಬಿರುಕು ಬೆಳೆದಿತ್ತೆಂದು ತನಿಖೆಯಿಂದ ತಿಳಿಯಿತು.

ಈ ತುದಿಯನ್ನೇ ನೋಡುವುದನ್ನು ಜೀವನದ ಕೆಲಸ ಮಾಡಿಕೊಂಡವರಲ್ಲಿ ಹರೀಶ್ ತಿಪ್ಪೂರ್ ಒಬ್ಬರು. ಬೆಂಗಳೂರಿನಲ್ಲಿ ಓದಿ ಅಮೆರಿಕಕ್ಕೆ ಹೋದ ಇವರು ಆಬರ್ನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಕೃಷ್ಣಸ್ವಾಮಿ ಮತ್ತು ರೊಸಾಕಿಸ್ ಜೊತೆ ಸೇರಿ, ಬಿರುಕಿನ ಸುತ್ತಲ ಒತ್ತಡವನ್ನು ಲೇಸರ್ ಬೆಳಕಿನಿಂದ ಅಳೆಯುವ ವಿಧಾನವನ್ನು ರೂಪಿಸಿದರು. ಅದರ ಪ್ರಬಂಧ 1991ರಲ್ಲಿ ಪ್ರಕಟವಾಯಿತು. 2012ರಲ್ಲಿ ಶಿಷ್ಯರೊಬ್ಬರ ಜೊತೆ ಇನ್ನೂ ಸರಳವಾದ ದಾರಿ ತೋರಿಸಿದರು. ಬಾವಿಯ ನೀರು ಅಲುಗಿದರೆ ತಳದ ಕಲ್ಲು ಅಲುಗಿದಂತೆ ಕಾಣುತ್ತದಲ್ಲವೆ? ಹಾಗೆಯೇ ಪಾರದರ್ಶಕ ಹಲಗೆಯ ಹಿಂದೆ ಚುಕ್ಕಿಗಳ ಹಾಳೆ ಇಡುತ್ತಾರೆ. ಹಲಗೆಗೆ ಒತ್ತಡ ಬಿದ್ದಾಗ ಬೆಳಕು ಬಾಗಿ, ಚುಕ್ಕಿಗಳು ಜರುಗಿದಂತೆ ಕಾಣುತ್ತವೆ. ಎಷ್ಟು ಜರುಗಿದವೆಂದು ಫೋಟೋದಲ್ಲಿ ಅಳೆದರೆ ಒತ್ತಡದ ಏರಿಳಿತ ತಿಳಿಯುತ್ತದೆ.

ನಮ್ಮೂರಿನಲ್ಲಿ ಇದನ್ನು ಹೇಗೆ ಬಳಸುವುದು? ಅಚ್ಚನ್ನು ಬಿಚ್ಚಿದಾಗ ಜಿಡ್ಡು ತೆಗೆದು ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಗೆರೆ ಮೂಡಬಹುದು. ಟ್ರೈಲರಿನ ತಗಡು ಸೀಳಿದ್ದರೆ, ಸೀಳಿನ ತುದಿಯಲ್ಲಿ ದುಂಡು ತೂತು ಕೊರೆದರೆ ಚೂಪು ಹೋಗಿ ಒತ್ತಡ ಹಂಚಿಹೋಗುತ್ತದೆ. ಆದರೆ ಇದು ತಾತ್ಕಾಲಿಕ. ಅಚ್ಚಿಗೆ ಮಾತ್ರ ಈ ಉಪಾಯ ಸಲ್ಲದು. ಗೆರೆ ಕಂಡ ಅಚ್ಚನ್ನು ಬದಲಿಸಿದ ಮೇಲೆಯೇ ಜನರನ್ನು ಹತ್ತಿಸಿ.