ದೃಶ್ಯಕಾವ್ಯದ ಚೌಕಟ್ಟು: ‘ಶೋಲೆ’ಯ ಒಂದು ಪ್ರವೇಶ

ಕಾವ್ಯವನ್ನು ಶ್ರವ್ಯ, ದೃಶ್ಯ ಎಂದು ವಿಭಾಗಿಸಿದ ನಮ್ಮ ಲಾಕ್ಷಣಿಕರು ನಾಟಕವನ್ನು ದೃಶ್ಯಕಾವ್ಯವೆಂದು ಕರೆದರು. ಚಲನಚಿತ್ರವೂ ಆ ಕುಲಕ್ಕೆ ಸೇರಿದುದೇ. ಆದರೆ ಪದ್ಯಕ್ಕೆ ಪದಚ್ಛೇದ, ಅನ್ವಯ, ಅಲಂಕಾರಗಳನ್ನು ಹೇಳಿಕೊಡುವ ನಾವು, ವಿದ್ಯಾರ್ಥಿಗಳು ನಿತ್ಯವೂ ನೋಡುವ ಚಿತ್ರಗಳ ವಿಷಯದಲ್ಲಿ ‘ನೋಡಬೇಡಿ’ ಎಂಬ ಒಂದೇ ಮಾತಿನಿಂದ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ನೋಡುವುದಂತೂ ನಿಲ್ಲದು, ಆದುದರಿಂದ ನೋಡುವ ಬಗೆಯನ್ನು ಕಲಿಸುವುದೇ ಉಚಿತ. ಸಾಹಸಚಿತ್ರಗಳಲ್ಲಿ ಭಯವೂ ಬೆರಗೂ ಹೊಡೆತಗಳಿಗಿಂತ ಹೆಚ್ಚಾಗಿ ಚೌಕಟ್ಟಿನ ವಿನ್ಯಾಸದಿಂದಲೇ ಹುಟ್ಟುತ್ತವೆ. ಇದನ್ನು ಒಂದು ಉದಾಹರಣೆಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

1975ರ ಆಗಸ್ಟ್ 15ರಂದು ಬಿಡುಗಡೆಯಾದ ‘ಶೋಲೆ’ ಹಿಂದಿ ಚಿತ್ರವಾದರೂ ಅದರ ರಂಗಭೂಮಿ ಕನ್ನಡ ನೆಲ. ನಿರ್ದೇಶಕ ರಮೇಶ ಸಿಪ್ಪಿ ಹಾಗೂ ಛಾಯಾಗ್ರಾಹಕ ದ್ವಾರಕಾ ದಿವೇಚಾ ರಾಮನಗರದ ಬಂಡೆಗಳ ನಡುವೆ ಕಥೆಯ ಹಳ್ಳಿಯನ್ನೂ ದರೋಡೆಕೋರರ ನೆಲೆಯನ್ನೂ ಚಿತ್ರಿಸಿದರು. 35 ಮಿ.ಮೀ. ಫಿಲ್ಮಿನಲ್ಲಿ ಸೆರೆಹಿಡಿದುದನ್ನು 70 ಮಿ.ಮೀ.ಗೆ ಹಿಗ್ಗಿಸಲಾಯಿತು. ಅಂತಹ ಪರದೆಯ ಅಗಲ ಎತ್ತರದ ಎರಡು ಪಟ್ಟಿಗಿಂತಲೂ ಮಿಗಿಲು.

ಅಮ್ಜದ್ ಖಾನ್ ಅಭಿನಯಿಸಿದ ಗಬ್ಬರ್ ಸಿಂಗನ ಪ್ರವೇಶವನ್ನು ಗಮನಿಸೋಣ. ಹಳ್ಳಿಯಲ್ಲಿ ಇಬ್ಬರಿಂದ ಸೋತು ಬರಿಗೈಯಲ್ಲಿ ಮರಳಿದ ಮೂವರು ಸಹಚರರು ವಿಚಾರಣೆಗೆ ನಿಂತಿದ್ದಾರೆ. ನಾಯಕನ ಮುಖ ಮೊದಲು ಕಾಣುವುದಿಲ್ಲ. ಬಂಡೆಯ ಮೇಲೆ ಅತ್ತಿತ್ತ ನಡೆಯುವ ಬೂಟುಗಾಲುಗಳು, ಕಲ್ಲಿನ ಮೇಲೆ ಎಳೆದು ಬರುವ ಬೆಲ್ಟು, ಅದರ ಕರ್ಕಶ ಸದ್ದು ಇಷ್ಟೇ. ಅಂಶವನ್ನು ತೋರಿ ಪೂರ್ಣವನ್ನು ಸೂಚಿಸುವ ಈ ಕ್ರಮ ನಮ್ಮ ಧ್ವನಿಮಾರ್ಗಕ್ಕೆ ಹತ್ತಿರವಾದುದು. ವಾಚ್ಯವಾಗಿ ತೋರಿದುದು ಕಾಲು. ವ್ಯಂಗ್ಯವಾಗಿ ಮೂಡಿದುದು ಕ್ರೌರ್ಯ. ಮುಖ ತಡವಾದಷ್ಟೂ ಪ್ರೇಕ್ಷಕನ ಮನಸ್ಸು ಅದನ್ನು ಹೆಚ್ಚು ಭೀಕರವಾಗಿ ಕಲ್ಪಿಸಿಕೊಳ್ಳುತ್ತದೆ.

ಇದನ್ನು ರಸದೃಷ್ಟಿಯಿಂದ ವಿಂಗಡಿಸಬಹುದು. ಭಯಾನಕಕ್ಕೆ ಗಬ್ಬರನೇ ಆಲಂಬನ ವಿಭಾವ. ಬೋಳು ಬಂಡೆ, ಹೆಜ್ಜೆಯ ಸಪ್ಪಳ, ಬೆಲ್ಟಿನ ಸದ್ದು ಉದ್ದೀಪನ ವಿಭಾವಗಳು. ಮೂವರು ಅಲುಗಾಡದೆ ನಿಂತಿರುವುದು ಸ್ತಂಭವೆಂಬ ಸಾತ್ತ್ವಿಕ ಭಾವ. ಚಲಿಸುವವನು ಒಬ್ಬ, ನಿಶ್ಚಲರು ಹಲವರು. ಅಧಿಕಾರ ಯಾರದೆಂಬುದು ಮಾತಿಲ್ಲದೆಯೇ ತಿಳಿಯುತ್ತದೆ. ಕ್ಯಾಮೆರಾ ನೆಲದ ಮಟ್ಟಕ್ಕೆ ಇಳಿದುದರಿಂದ ನಾವೂ ಅವನ ಕಾಲ ಬಳಿ ಇರುವಂತಾಗುತ್ತದೆ. ಬಂಡೆಯ ಮೇಲೆ ಬಂದೂಕು ಹಿಡಿದು ಕುಳಿತ ಸಾಂಭಾ ಆ ಲೋಕದ ಮೇಲು ಕೀಳುಗಳನ್ನು ಇನ್ನಷ್ಟು ಸ್ಪಷ್ಟಪಡಿಸುತ್ತಾನೆ. ಅಗಲವಾದ ಚೌಕಟ್ಟಿನ ಎಲ್ಲೆಡೆಯೂ ಕಲ್ಲೇ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಇಷ್ಟಾಗುವವರೆಗೆ ಒಂದು ಗುಂಡೂ ಹಾರಿಲ್ಲವೆಂಬುದು ಗಮನಾರ್ಹ.

ಇಂದು ಮಕ್ಕಳು ಇಂತಹ ದೃಶ್ಯಗಳನ್ನು ಮೊಬೈಲಿನ ಉದ್ದನೆಯ ನಿಲುವು ಚೌಕಟ್ಟಿಗೆ ಕತ್ತರಿಸಿದ ತುಣುಕುಗಳಾಗಿ ನೋಡುತ್ತಾರೆ. ಆಗ ಎಡಬಲಗಳ ಬಂಡೆಯೂ ನಿಂತ ಜನರೂ ಮಾಯವಾಗಿ ಆರ್ಭಟಿಸುವ ಮುಖವೊಂದೇ ಉಳಿಯುತ್ತದೆ. ಭಯಪಟ್ಟವರು ಕಾಣದಿದ್ದರೆ ಭಯಪಡಿಸುವವನು ಅನುಕರಣೀಯನಾಗಿ ತೋರುವ ಅಪಾಯವಿದೆ. ಔಚಿತ್ಯಭಂಗದ ನಿಜವಾದ ಹಾನಿ ಇದು.

ಇದಕ್ಕೆ ಪರಿಹಾರ ದುಬಾರಿಯಲ್ಲ. ರಟ್ಟಿನಲ್ಲಿ ಎರಡು ಆಯತಾಕಾರದ ಕಿಂಡಿಗಳನ್ನು, ಒಂದನ್ನು ಅಗಲವಾಗಿ, ಇನ್ನೊಂದನ್ನು ಉದ್ದವಾಗಿ ಕತ್ತರಿಸಿ ವಿದ್ಯಾರ್ಥಿಗಳ ಕೈಗೆ ಕೊಡೋಣ. ಕಲಬುರಗಿ ಕೋಟೆಯೊಳಗಣ 1367ರ ಜಾಮಿ ಮಸೀದಿಯ ಕಮಾನುಗಳ ಸಾಲಿನಲ್ಲಿ ಒಬ್ಬನನ್ನು ನಿಲ್ಲಿಸಿ ಎರಡೂ ಕಿಂಡಿಗಳಿಂದ ನೋಡಲಿ. ಕಮಾನು ಚೌಕಟ್ಟಿನೊಳಗೆ ಚೌಕಟ್ಟಾಗಿ ಕಣ್ಣನ್ನು ಅವನತ್ತ ಹೇಗೆ ಒಯ್ಯುತ್ತದೆಂಬುದು ತಿಳಿಯುವುದು. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಗಿಡಗಳ ಸಾಲು ದೂರಕ್ಕೆ ಸರಿಯುವಾಗ, ನೆಲಕ್ಕೆ ಕುಳಿತು ನೋಡಿದರೆ ನಡೆದು ಬರುವವನು ಎತ್ತರವಾಗಿಯೂ, ಏರಿನಿಂದ ನೋಡಿದರೆ ಅಲ್ಪನಾಗಿಯೂ ಕಾಣುವನು. ಮನುಷ್ಯನು ಅವನೇ, ಬದಲಾದುದು ನೋಡುವವನ ನೆಲೆ.

ಈ ಒಂದು ಅರಿವು ಬಂದ ಹುಡುಗನು ಪರದೆಯ ಮೇಲಣ ವೀರನಿಗೆ ಸುಲಭವಾಗಿ ದಾಸನಾಗಲಾರನು. ಬೆರಗನ್ನು ಅನುಭವಿಸುತ್ತಲೇ ಅದನ್ನು ಕಟ್ಟಿದ ಕೈಯನ್ನೂ ಗುರುತಿಸುವನು. ಅಕ್ಷರ ಕಲಿಸುವ ಶಾಲೆ ಈ ನೋಟವನ್ನೂ ಕಲಿಸಲೆಂದು ಅಧ್ಯಾಪಕ ಬಂಧುಗಳಲ್ಲಿಯೂ, ಶಾಲೆಯನ್ನು ಪೋಷಿಸುತ್ತ ಬಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಸವಿನಯ ವಿಜ್ಞಾಪನೆ.