ಬೋರ್ ನೀರಿಗೊಂದು, ನೆರೆನೀರಿಗೊಂದು

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿತ್ತು. ಅಂಥ ಹೊತ್ತಲ್ಲಿ ಕರೆಂಟ್ ಹೋದರೆ ಮನೆಯ ಆರ್‌ಓ ನೀರುಶೋಧಕ ನಿಂತೇಹೋಗುತ್ತದೆ. ಅದಕ್ಕೇ ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಕರೆಂಟಿಲ್ಲದೆ, ನೀರಿನ ಭಾರದಲ್ಲೇ ನಡೆಯುವ ಯುಎಫ್ (ಅಲ್ಟ್ರಾಫಿಲ್ಟ್ರೇಷನ್) ಫಿಲ್ಟರ್ ಬೇಕು. ನೆರೆನೀರಿನ ದೊಡ್ಡ ಅಪಾಯ ಕೆಸರು ಮತ್ತು ರೋಗಾಣು. ಬಟ್ಟೆಯಲ್ಲಿ ಸೋಸಿ ಫಿಲ್ಟರಿಗೆ ಹಾಕಿ, ಇಳಿದ ನೀರಿಗೆ ಕ್ಲೋರಿನ್ ಮಾತ್ರೆ ಬೆರೆಸಿ ಅರ್ಧ ಗಂಟೆ ಬಿಡಿ. ಫಿಲ್ಟರ್ ದಾಟಿ ಬರಬಹುದಾದ ವೈರಸ್ಸಿಗೂ ಅದು ಮದ್ದು.

ಕರೆಂಟಿಲ್ಲದಾಗ ಬೋರ್ ನೀರು ಕುದಿಸಿ ಕುಡಿದರೆ ಸಾಲದೇ ಎನ್ನಬಹುದು. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಈ ಸೀಮೆಯ ಹಲವು ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ಕೇ ಸಿಕ್ಕಿತ್ತು. ಕುದಿಸಿದರೆ ಇವು ಹೋಗುವುದಿಲ್ಲ, ಯುಎಫ್ ಕೂಡ ತಡೆಯುವುದಿಲ್ಲ; ಅದಕ್ಕೆ ಆರ್‌ಓ ಬೇಕು. ಮಳೆಗಾಲಕ್ಕೆ ಮೊದಲೇ ಬೋರ್ ನೀರಿನ ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ, ನೆರೆಯ ಮುನ್ಸೂಚನೆ ಬಂದಕೂಡಲೇ ಆರ್‌ಓ ನೀರನ್ನು ಮುಚ್ಚಳದ ಕ್ಯಾನುಗಳಲ್ಲಿ ತುಂಬಿಡಿ.