ಕಲ್ಲು, ನೀರು, ಬೈಸಿಕಲ್ಲು
ರಿಚ್ಮಂಡ್ ನಗರದ ನದೀತೀರದ ಹಾದಿಗಳು

ಬೈಸಿಕಲ್ ತುಳಿಯಲು ಬಾರದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಸಮತಟ್ಟಾದ ರಸ್ತೆಯಲ್ಲಿ ಅದನ್ನೇರಿ ಹೊರಟವನಿಗೆ ಗಾಲಿಯ ಕೆಳಗಿರುವ ನೆಲದ ಯೋಚನೆ ಬರುವುದೇ ಇಲ್ಲ. ರಸ್ತೆಯನ್ನು ಬಿಟ್ಟು ಕಾಡಿನ ಕಾಲುದಾರಿಗೆ ಇಳಿದೊಡನೆ ಈ ನಿಶ್ಚಿಂತೆ ಹಾರಿಹೋಗುವುದು. ಬಂಡೆ, ಬೇರು, ಮರಳು, ಜೇಡಿಮಣ್ಣು, ಏರು, ಇಳಿಜಾರು ಇವು ಒಂದೊಂದೂ ಸವಾರನ ಮುಂದೆ ಒಂದೊಂದು ಲೆಕ್ಕವನ್ನು ಒಡ್ಡುವುವು. ಲೆಕ್ಕ ತಪ್ಪಿದರೆ ಮೊಣಕಾಲಿನ ಚರ್ಮ ಕಿತ್ತುಬರುವುದು. ಆದರೆ ಗಾಯಗೊಳ್ಳುವವನು ಸವಾರನೊಬ್ಬನೇ ಅಲ್ಲ; ನೆಲವೂ ಗಾಯಗೊಳ್ಳುವುದು. ಸವಾರನ ಗಾಯ ಕೆಲವು ದಿನಗಳಲ್ಲಿ ಮಾಯುತ್ತದೆ. ನೆಲದ ಗಾಯವಾದರೋ ಮಳೆ ಬಂದಂತೆಲ್ಲ ಹಿರಿದಾಗುತ್ತದೆ. ಗುಡ್ಡದ ಬೈಸಿಕಲ್ ಹಾದಿಗಳನ್ನು ಕಟ್ಟುವವರ ಮುಂದಿರುವ ಮುಖ್ಯ ಪ್ರಶ್ನೆ ಇದೇ: ಸವಾರನಿಗೆ ಸಾಹಸವೂ ಬೇಕು, ಕಾಡಿಗೆ ಕೇಡೂ ಆಗಬಾರದು. ಇದು ಸಾಧ್ಯವೇ?

ಉತ್ತರವನ್ನು ಹುಡುಕಲು ನಾವು ಅಮೆರಿಕದ ವರ್ಜೀನಿಯಾ ಸಂಸ್ಥಾನದ ರಾಜಧಾನಿಯಾದ ರಿಚ್ಮಂಡಿಗೆ ಮನಸ್ಸಿನಲ್ಲಿಯೇ ಪಯಣ ಮಾಡೋಣ. ಎರಡು ಲಕ್ಷಕ್ಕೂ ಮಿಕ್ಕ ಜನರಿರುವ ಈ ನಗರದ ನಡುವೆ ಜೇಮ್ಸ್ ನದಿ ಬಂಡೆಗಳ ಮೇಲೆ ಭೋರ್ಗರೆಯುತ್ತ ಹರಿಯುತ್ತದೆ. ಕಚೇರಿಗಳ ಎತ್ತರವಾದ ಕಟ್ಟಡಗಳು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿಯೇ, ಎರಡೂ ದಡಗಳ ಕಾಡಿನಲ್ಲಿ, ಬೈಸಿಕಲ್ ಸವಾರರ ಹಾದಿಗಳು ಬಂಡೆಗಳ ನಡುವೆ ನುಸುಳುತ್ತ ಸಾಗುತ್ತವೆ.

ಎರಡು ಭೂಮಿಗಳ ಗಡಿ

ನಗರದ ನಡುವೆ ಇಂತಹ ಒರಟು ನೆಲ ಹೇಗೆ ಉಳಿಯಿತು? ಇದಕ್ಕೆ ಭೂವಿಜ್ಞಾನವೇ ಉತ್ತರ ಕೊಡಬೇಕು. ಅಮೆರಿಕದ ಪೂರ್ವಭಾಗದಲ್ಲಿ ಪರ್ವತಗಳ ಬುಡದಿಂದ ಸಮುದ್ರದವರೆಗೆ ಎರಡು ಬಗೆಯ ನೆಲಗಳಿವೆ. ಪಶ್ಚಿಮಕ್ಕೆ ಗಟ್ಟಿ ಶಿಲೆಯ ದಿಬ್ಬನಾಡು; ಪೂರ್ವಕ್ಕೆ ಮರಳು, ಜೇಡಿಗಳಿಂದಾದ ಮೆತುವಾದ ಕರಾವಳಿ ಬಯಲು. ನದಿಯು ಮೆದುನೆಲವನ್ನು ಬೇಗನೆ ಕೊರೆಯುತ್ತದೆ, ಗಟ್ಟಿ ಶಿಲೆಯನ್ನು ನಿಧಾನವಾಗಿ ಸವೆಸುತ್ತದೆ. ಆದುದರಿಂದ ಇವೆರಡೂ ಕೂಡುವೆಡೆಯಲ್ಲಿ ನದಿ ಮೆಟ್ಟಿಲಿಳಿದಂತೆ ಇಳಿಯಬೇಕಾಗುವುದು. ಇಂತಹ ಇಳಿತಗಳನ್ನು ಜೋಡಿಸಿ ಎಳೆದ ಗೆರೆಗೆ ‘ಜಲಪಾತ ರೇಖೆ’ ಎಂದು ಹೆಸರು. ಟ್ರೆಂಟನ್, ಫಿಲಡೆಲ್ಫಿಯಾ, ವಾಷಿಂಗ್ಟನ್, ರಿಚ್ಮಂಡ್, ಕೊಲಂಬಿಯಾ, ಅಗಸ್ಟಾ ನಗರಗಳೆಲ್ಲವೂ ಈ ಗೆರೆಯ ಮೇಲೆಯೇ ಇವೆ.

ಇದು ಆಕಸ್ಮಿಕವಲ್ಲ. ಸಮುದ್ರದ ಉಬ್ಬರವಿಳಿತ ರಿಚ್ಮಂಡಿನವರೆಗೆ ಬಂದು ಅಲ್ಲಿಗೆ ನಿಲ್ಲುತ್ತದೆ. ೧೬೦೭ರಲ್ಲಿ ಕ್ರಿಸ್ಟೋಫರ್ ನ್ಯೂಪೋರ್ಟನ ತಂಡ ನದಿಯನ್ನೇರಿ ಬಂದಾಗ ಈ ಬಂಡೆಗಳೇ ದೋಣಿಗೆ ಅಡ್ಡವಾದುವು. ದೋಣಿಯಿಂದ ಸರಕನ್ನು ಇಳಿಸಲೇಬೇಕಾದ ಕಡೆ ಸಂತೆ ಕೂಡುವುದು, ಧುಮುಕುವ ನೀರಿನ ಬಲದಿಂದ ಗಿರಣಿಗಳು ತಿರುಗುವುವು, ಊರು ಬೆಳೆಯುವುದು. ನಗರದ ಪರಿಧಿಯಲ್ಲಿ ಸುಮಾರು ೧೧ ಕಿಲೋಮೀಟರು ದೂರಕ್ಕೆ ಜೇಮ್ಸ್ ನದಿ ಸುಮಾರು ೩೨ ಮೀಟರು ಇಳಿಯುತ್ತದೆ. ಅದರ ಪಾತ್ರದಲ್ಲಿ ಎದ್ದುನಿಂತಿರುವ ಗ್ರ್ಯಾನೈಟು ಶಿಲೆ ಸುಮಾರು ೩೦ ಕೋಟಿ ವರ್ಷಗಳಷ್ಟು ಹಳೆಯದು. ಪ್ರವಾಹ ಏರುವ, ಬಂಡೆ ತುಂಬಿದ ಈ ದಡ ಮನೆ ಕಟ್ಟಲು ತಕ್ಕುದಾಗಿರಲಿಲ್ಲ. ಮನೆಗೆ ಒದಗದ ನೆಲ ಮರಗಳಿಗೆ ಒದಗಿತು. ೧೯೭೨ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. ಅದೇ ವರ್ಷದ ಜೂನಿನಲ್ಲಿ ‘ಆಗ್ನೆಸ್’ ಚಂಡಮಾರುತದ ಮಳೆಯಿಂದ ನದಿ ಉಕ್ಕಿ ನಗರದ ತಗ್ಗು ಪ್ರದೇಶಗಳನ್ನು ಮುಳುಗಿಸಿ, ದಡದ ನಿಜವಾದ ಒಡೆಯ ಯಾರೆಂಬುದನ್ನು ತೋರಿಸಿಕೊಟ್ಟಿತು.

ಹಾದಿಗಳ ಪರಿಚಯ

ದಕ್ಷಿಣದ ದಡದಲ್ಲಿರುವುದು ‘ಬಟರ್‌ಮಿಲ್ಕ್’, ಎಂದರೆ ಮಜ್ಜಿಗೆಯ ಹಾದಿ. ಹೆಸರು ತಂಪಾಗಿದ್ದರೂ ಹಾದಿ ಇಕ್ಕಟ್ಟು. ಬೇರು, ಬಂಡೆ, ತಟ್ಟನೆ ಎದುರಾಗುವ ತಿರುವುಗಳಿಂದ ಕೂಡಿದುದು. ಎದುರಿನ ದಡದಲ್ಲಿ ‘ಉತ್ತರ ದಡದ ಹಾದಿ’ ಇದೆ. ಸೇತುವೆಗಳ ಮೂಲಕ ಇವೆರಡನ್ನೂ ಕೂಡಿಸಿ ಸವಾರರು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಬಹುದು. ೨೦೧೬ರಲ್ಲಿ ನಡೆಯುವವರಿಗೂ ಬೈಸಿಕಲ್ಲುಗಳಿಗೂ ಮಾತ್ರ ಮೀಸಲಾದ ಒಂದು ಸೇತುವೆ, ಹಿಂದಿನ ಕಾಲದ ಅಣೆಯ ಕಂಬಗಳನ್ನೇ ಆಧಾರ ಮಾಡಿಕೊಂಡು, ನದಿಯ ಮೇಲೆ ಎದ್ದಿತು.

ನದಿಯ ನಡುವೆ ಬೆಲ್ ಐಲ್ ಎಂಬ ಸುಮಾರು ೫೪ ಎಕರೆಯ ದ್ವೀಪವಿದೆ. ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನಿಕರನ್ನು ಇಲ್ಲಿ ಸೆರೆಯಿಟ್ಟಿದ್ದರು. ಕಲ್ಲುಗಣಿ, ಕಬ್ಬಿಣದ ಕಾರ್ಖಾನೆ, ಜಲವಿದ್ಯುತ್ ಕೇಂದ್ರ ಎಲ್ಲವೂ ಇಲ್ಲಿದ್ದು ಹೋದುವು. ಇಂದು ಅಲ್ಲಿ ಹಳೆಯ ಗೋಡೆಗಳ ನಡುವೆ ಸವಾರರು ಸಮತೋಲವನ್ನು ಅಭ್ಯಾಸ ಮಾಡುತ್ತಾರೆ. ನಗರದಿಂದ ನೈಋತ್ಯಕ್ಕೆ ಪೋಕಹಾಂಟಸ್ ಎಂಬ ವಿಸ್ತಾರವಾದ ಅರಣ್ಯೋದ್ಯಾನವಿದೆ. ಅಲ್ಲಿ ಕಾಲಿನ ಬಲವಿಲ್ಲದವರು ಕೈಯಿಂದ ತುಳಿಯುವ ಬೈಸಿಕಲ್ಲುಗಳಿಗೆ ಒಪ್ಪುವಷ್ಟು ಅಗಲವಾದ ಹಾದಿಗಳನ್ನೂ ರಚಿಸಿರುವರು.

ಯಂತ್ರದ ಹುಟ್ಟು

ಗುಡ್ಡದ ಬೈಸಿಕಲ್ಲು ಹುಟ್ಟಿದುದು ರಿಚ್ಮಂಡಿನಲ್ಲಲ್ಲ, ಕ್ಯಾಲಿಫೋರ್ನಿಯಾದಲ್ಲಿ. ೧೯೭೬ರಲ್ಲಿ ಅಲ್ಲಿನ ಕೆಲವು ತರುಣರು ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನೇರಿ, ಸುಮಾರು ೪೦೦ ಮೀಟರು ಇಳಿಯುವ ಒಂದು ಗುಡ್ಡದ ದಾರಿಯಲ್ಲಿ ಪಂದ್ಯ ಹೂಡಿದರು. ಆ ಬೈಸಿಕಲ್ಲುಗಳ ಬ್ರೇಕು ಹಿಂದಿನ ಗಾಲಿಯ ಗುಂಭದೊಳಗಿತ್ತು. ಕೆಳಗೆ ತಲುಪುವಷ್ಟರಲ್ಲಿ ಅದರೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ ಹೋಗುತ್ತಿತ್ತು!

ಇದು ಉತ್ಪ್ರೇಕ್ಷೆಯೇ? ಲೆಕ್ಕ ಮಾಡಿ ನೋಡೋಣ. ಸವಾರನೂ ಬೈಸಿಕಲ್ಲೂ ಸೇರಿ ೯೦ ಕಿಲೋಗ್ರಾಂ ಎನ್ನೋಣ. ೪೦೦ ಮೀಟರು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಮೂರೂವರೆ ಲಕ್ಷ ಜೌಲುಗಳು. ಒಂದು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಇದರಲ್ಲಿ ಒಂದಂಶ ಗಾಳಿಗೆ ಹೋದರೂ ಉಳಿದುದು ಅಂಗೈಯಗಲದ ಒಂದು ಲೋಹದ ತುಂಡನ್ನು ಸೇರಬೇಕು. ಗ್ರೀಸು ಹೊಗೆಯಾಗದೆ ಇನ್ನೇನಾದೀತು? ಇಂತಹ ಅನುಭವಗಳಿಂದ ಹೊಸ ಚೌಕಟ್ಟು, ಹೊಸ ಬ್ರೇಕು, ಹೊಸ ಗಿಯರುಗಳು ಹುಟ್ಟಿದುವು. ೧೯೯೬ರ ಅಟ್ಲಾಂಟಾ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಸವಾರಿಗೂ ಸ್ಥಾನ ದೊರೆಯಿತು.

ಟೈರಿನ ವಿಷಯವನ್ನೂ ನೋಡೋಣ. ಟೈರು ನೆಲವನ್ನು ಒತ್ತುವ ಒತ್ತಡ, ಸ್ಥೂಲವಾಗಿ, ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. ಚದರ ಸೆಂಟಿಮೀಟರಿಗೆ ೬ ಕಿಲೋಗ್ರಾಂ ಒತ್ತಡದ ತೆಳು ಟೈರುಗಳು ೯೦ ಕಿಲೋಗ್ರಾಂ ಭಾರವನ್ನು ಹೊರುವಾಗ ಎರಡೂ ಸೇರಿ ಕೇವಲ ೧೫ ಚದರ ಸೆಂಟಿಮೀಟರು ನೆಲವನ್ನು ಮುಟ್ಟುವುವು. ೨ ಕಿಲೋಗ್ರಾಂ ಒತ್ತಡದ ದಪ್ಪ ಟೈರುಗಳು ೪೫ ಚದರ ಸೆಂಟಿಮೀಟರನ್ನು ಮುಟ್ಟುವುವು. ಹಿಡಿತ ಹೆಚ್ಚು, ನೆಲಕ್ಕೆ ಚುಚ್ಚು ಕಡಮೆ.

ನೀರೇ ನಿಜವಾದ ಶತ್ರು

ಹಾಗಾದರೆ ಹಾದಿ ಕೆಡುವುದೇಕೆ? ಗಾಲಿ ಮಾಡುವ ಹಾನಿಗಿಂತ, ಗಾಲಿ ಕೊರೆದ ಗೆರೆಯಲ್ಲಿ ಹರಿಯುವ ನೀರು ಮಾಡುವ ಹಾನಿ ದೊಡ್ಡದು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಾಗುವುದಿಲ್ಲ. ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ೬೪ರಷ್ಟಾಗುವುದು! ಆಳ ಒಂದೇ ಆಗಿದ್ದರೆ, ಇಳಿಜಾರು ನಾಲ್ಕರಷ್ಟಾದಾಗ ನೀರಿನ ವೇಗ ಎರಡರಷ್ಟಾಗುವುದು. ಆದುದರಿಂದ ನೂರಕ್ಕೆ ೪ರ ಇಳಿಜಾರಿನ ಹಾದಿಯನ್ನು ನೂರಕ್ಕೆ ೧೬ರ ಇಳಿಜಾರಿಗೆ ಏರಿಸಿದರೆ, ಮರಳನ್ನಷ್ಟೇ ಒಯ್ಯುತ್ತಿದ್ದ ನೀರು ಜಲ್ಲಿಯನ್ನೇ ಹೊತ್ತೊಯ್ಯುವುದು. ಗುಡ್ಡವನ್ನು ನೇರವಾಗಿ ಇಳಿಯುವ ಹಾದಿ ಕೆಲವೇ ಮಳೆಗಾಲಗಳಲ್ಲಿ ಕೊರಕಲಾಗುವುದು ಇದರಿಂದಲೇ.

ನಿರ್ಮಾಪಕರು ಇದಕ್ಕೆ ಮೂರು ಉಪಾಯಗಳನ್ನು ಹೂಡುತ್ತಾರೆ. ಮೊದಲನೆಯದು, ಹಾದಿಯನ್ನು ಗುಡ್ಡದ ಪಕ್ಕೆಗೆ ಅಡ್ಡಲಾಗಿ ಒಯ್ದು, ಅದರ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರದಂತೆಯೂ, ಸರಾಸರಿ ನೂರಕ್ಕೆ ೧೦ನ್ನು ದಾಟದಂತೆಯೂ ನೋಡಿಕೊಳ್ಳುವುದು. ಎರಡನೆಯದು, ಹಾದಿಯ ಹೊರ ಅಂಚನ್ನು ತುಸು ತಗ್ಗಿಸಿ, ನೀರು ಹಾದಿಯುದ್ದಕ್ಕೂ ಹರಿಯದೆ ಅಡ್ಡ ದಾಟಿ ಹೋಗುವಂತೆ ಮಾಡುವುದು. ಮೂರನೆಯದು, ಇಳಿಯುವ ಹಾದಿಯನ್ನು ಅಲ್ಲಲ್ಲಿ ಕೆಲವು ಹೆಜ್ಜೆಗಳಷ್ಟು ದೂರ ಮೇಲಕ್ಕೇರಿಸುವುದು. ನೀರು ಏರಲಾರದೆ ಅಲ್ಲಿಂದ ಪಕ್ಕಕ್ಕೆ ಸರಿಯುವುದು. ಸವಾರನಿಗಾದರೋ ಈ ಏರಿಳಿತವೇ ಉಯ್ಯಾಲೆಯ ಸುಖ. ಇಳಿಜಾರಿನ ಹೊಲಕ್ಕೆ ಅಡ್ಡಲಾಗಿ ಬದು ಹಾಕುವ ನಮ್ಮ ರೈತನಿಗೆ ಈ ತತ್ತ್ವ ಹೊಸದೇನೂ ಅಲ್ಲ.

ತಿರುವಿನಲ್ಲಿಯೂ ಒಂದು ವಿಚಾರವಿದೆ. ಗಂಟೆಗೆ ೧೮ ಕಿಲೋಮೀಟರು ವೇಗದಲ್ಲಿ ೫ ಮೀಟರು ತ್ರಿಜ್ಯದ ತಿರುವನ್ನು ದಾಟುವವನು ಸುಮಾರು ೨೭ ಡಿಗ್ರಿ ವಾಲಬೇಕು. ನೆಲ ಮಟ್ಟಸವಾಗಿದ್ದರೆ ಟೈರು ಹೊರಕ್ಕೆ ಜಾರದಂತೆ ತಡೆಯುವ ಭಾರವೆಲ್ಲ ಘರ್ಷಣೆಯದು. ಸಡಿಲ ಮಣ್ಣಿಗೆ ಅಷ್ಟು ಬಲವಿಲ್ಲ. ತಿರುವಿನ ನೆಲವನ್ನೇ ಅಷ್ಟು ಓರೆಯಾಗಿ ಕಟ್ಟಿದರೆ ಟೈರು ನೆಲಕ್ಕೆ ನೆಟ್ಟಗೆ ಒತ್ತುವುದು. ಜಾರುವ ಭಯವೂ ಇಲ್ಲ, ಮಣ್ಣು ಕೆರೆಯುವುದೂ ಇಲ್ಲ.

ಒಂದು ಸಂಜೆಯ ಸಂಯಮ

ಅಮೆರಿಕದ ಮಾಂಟಾನಾದ ಪರ್ವತದ ಹಾದಿಗಳಲ್ಲಿ ನಡೆದು ೧೯೯೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗಾಲಿಗಳಿಗಿಂತ ಕುದುರೆಯ ಗೊರಸೂ ಮನುಷ್ಯನ ಪಾದವೂ ಹೆಚ್ಚು ಮಣ್ಣನ್ನು ಸಡಿಲಿಸಿದುದು ಕಂಡುಬಂದಿತು. ಇದನ್ನು ಕೇಳಿ ಸವಾರರು ಹಿಗ್ಗಬೇಕಾಗಿಲ್ಲ. ಹೆಜ್ಜೆಯ ಗುರುತುಗಳು ಬಿಡಿಬಿಡಿಯಾಗಿರುವುವು; ಗಾಲಿಯ ಗುರುತು ತುಂಡಾಗದ ಒಂದು ಕಾಲುವೆ. ಜೇಡಿಯ ಕಣಗಳ ನಡುವೆ ನೀರು ಸೇರಿದಾಗ ಅವು ಒಂದನ್ನೊಂದು ಹಿಡಿಯುವ ಬಲ ಕುಗ್ಗುವುದು. ಒಣಗಿದಾಗ ನೂರು ಬೈಸಿಕಲ್ಲುಗಳನ್ನು ಹೊರುವ ನೆಲವನ್ನು, ಮಳೆಯ ಮರುದಿನ ಹತ್ತು ಬೈಸಿಕಲ್ಲುಗಳು ಕೆಡಿಸಬಲ್ಲುವು. ಹಿಂದಿನ ಗಾಲಿಯನ್ನು ಬಿಗಿಹಿಡಿದು ಜಾರಿಸುವುದಂತೂ ನೇಗಿಲು ಹೂಡಿದಂತೆಯೇ ಸರಿ.

ರಿಚ್ಮಂಡಿನ ಹಾದಿಗಳನ್ನು ಬಹುಮಟ್ಟಿಗೆ ಕಟ್ಟಿದವರೂ ಕಾಯುವವರೂ ಸಂಬಳವಿಲ್ಲದ ಸ್ವಯಂಸೇವಕರು. ಗುದ್ದಲಿ, ಹಾರೆಗಳನ್ನು ಹಿಡಿದು ರಜಾದಿನದ ಬೆವರನ್ನು ಅವರು ಆ ಮಣ್ಣಿಗೆ ಕೊಟ್ಟಿರುವರು. ೨೦೦೯ರಲ್ಲಿ ಆ ಉದ್ಯಾನದ ದೊಡ್ಡ ಭಾಗದಲ್ಲಿ ಎಂದೆಂದಿಗೂ ಕಟ್ಟಡಗಳೇಳದಂತೆ ಕಾನೂನಿನ ಕರಾರೂ ಆಯಿತು. ಆದರೆ ಕಟ್ಟಡವನ್ನು ತಡೆಯುವ ಕಾಗದ ಕೊರಕಲನ್ನು ತಡೆಯಲಾರದು. ಮಳೆ ನಿಂತ ಸಂಜೆ, ಬೈಸಿಕಲ್ಲನ್ನು ಬಾಗಿಲಿಗೆ ತಂದ ತರುಣನು ನೆಲವನ್ನು ಬೆರಳಿನಿಂದ ಒತ್ತಿ ನೋಡಿ, “ಇಂದು ಬೇಡ, ನಾಳಿದ್ದು ನೋಡೋಣ” ಎಂದು ಒಳಗೆ ಹೋದರೆ ಮಾತ್ರ ಹಾದಿ ಉಳಿಯುವುದು. ಆರನೆಯ ಘಾತದ ನಿಯಮವನ್ನು ಪರೀಕ್ಷೆಗಾಗಿ ಕಲಿಯುವವರು ಅನೇಕರು. ಅದನ್ನು ಅರಿತು ಒಂದು ಸಂಜೆಯ ಸಂತೋಷವನ್ನು ಮುಂದಕ್ಕೆ ಹಾಕಬಲ್ಲವನೇ ಅದನ್ನು ನಿಜವಾಗಿ ಕಲಿತವನು.